ಸ್ಕೌಟ್ ಸಾಹೇಬರಿಗೆ ಉಪ್ಪಿಟ್ಟು-ಕೇಸರಿಭಾತು

ನಮ್ಮ ಭಾವನವರ ಜೊತೆ ಬೇಸ್‌ಬಾಲ್ ನೋಡಲು ಹೋಗುವವರು ಮಾನ-ಮರ್ಯಾದೆಯನ್ನು ಮನೆಯಲ್ಲೇ ಇಟ್ಟು, ಬೀಗ ಹಾಕಿಕೊಂಡು ಹೋಗುವುದು ಕ್ಷೇಮ! ಮೈದಾನಕ್ಕೆ ಒಯ್ದರೆ ಅದು ವಾಪಸು ಬರುವ ಭರವಸೆಯಿಲ್ಲ. ಅನುಭವಿಸಿದವಳು ಹೇಳುತ್ತಿದ್ದೇನೆ, ನಂಬಿ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಎಂ.ಎಸ್. ಓದಲೆಂದು ನ್ಯೂಜೆರ್ಸಿಗೆ ಬಂದ ನಾನು ಅಕ್ಕ-ಭಾವನ ಮನೆಯಲ್ಲಿದ್ದೆ. ಭಾವ ಮೈಸೂರಿನಲ್ಲಿ ಓದಿದ ಎಂಜಿನಿಯರು. ಹಗಲೆಲ್ಲ ಸೇತುವೆಗಳ ಭಾರ ಲೆಕ್ಕ ಹಾಕುವ ಗಂಭೀರ ಮನುಷ್ಯ. ಬೇಸಿಗೆಯಲ್ಲಿ ಆಫೀಸು ಬಿಟ್ಟಿತೋ, ಮೈಮೇಲೆ ದೇವರು ಬಂದವರ ಹಾಗೆ ಊರಿನ ಮೈದಾನಕ್ಕೆ ಓಡುತ್ತಿದ್ದರು. ಅಲ್ಲಿ ರಜೆಯಲ್ಲಿ ಕಾಲೇಜು ಹುಡುಗರ ಬೇಸ್‌ಬಾಲ್ ಲೀಗು ನಡೆಯುತ್ತಿತ್ತು.

ಆ ಲೀಗಿನ ಚರಿತ್ರೆ ಭಾವನ ಬಾಯಲ್ಲಿ ಸ್ಥಳಪುರಾಣವೇ ಆಗಿಬಿಟ್ಟಿತ್ತು. ನಮ್ಮ ಮನೆಗೆ ಕಾಫಿಗೆ ಬಂದ ಯಾವ ಕನ್ನಡ ಸಂಸಾರವೂ ಅದನ್ನು ಕೇಳದೆ ಎದ್ದು ಹೋಗುವಂತಿರಲಿಲ್ಲ.

“ಅರವತ್ತರ ದಶಕದ ಕೊನೇಲಿ ಶುರುವಾಗಿದ್ದು ಕಣ್ರೀ. ಬೆರಳೆಣಿಕೆ ಟೀಮು. ಸರಿಯಾದ ಗ್ರೌಂಡಿಲ್ಲ, ಕೂರೋಕೆ ಬೆಂಚಿಲ್ಲ. ಹುಡುಗ್ರು ಹಗಲೆಲ್ಲ ಯಾರದೋ ಮನೆಗೆ ಪೇಂಟ್ ಹೊಡೆದು, ಸಾಯಂಕಾಲ ಬಂದು ಆಡೋರು. ಬಿಡಿಗಾಸು ಸಂಬಳ ಇಲ್ಲ! ಮತ್ಯಾಕೆ ಆಡ್ತಾರೆ ಹೇಳಿ?”

ಬಂದವರು ಬಾಗಿಲು ನೋಡುತ್ತಿದ್ದರು.

“ಸ್ಕೌಟು ಬರ್ತಾನೆ! ದೊಡ್ಡ ಕ್ಲಬ್ಬಿಗೆ ಆಟಗಾರರನ್ನ ಆರಿಸೋನು. ಸುಮ್ನೆ ಮೂಲೇಲಿ ಕೂತು ನೋಡ್ತಾನೆ. ಅವನು ಒಪ್ಪಿದ್ನೋ, ಹುಡುಗನ ಬಾಳು ಬಂಗಾರ!”

ಮರದ ಬ್ಯಾಟು ಹೋಗಿ ಅಲ್ಯೂಮಿನಿಯಂ ಬ್ಯಾಟು ಬಂದಾಗ ಮನೆಯಲ್ಲಿ ಸೂತಕದ ವಾತಾವರಣ. “ಠಣ್ ಅಂತೆ, ಠಣ್! ಇದೇನು ಬೇಸ್‌ಬಾಲೋ, ಪಾತ್ರೆ ಅಂಗಡಿಯೋ?” ಎಂದು ಭಾವ ತುಂಬಿದ ಮೈದಾನದಲ್ಲಿ ಎದ್ದು ನಿಂತು ಅಂಪೈರನನ್ನೇ ನ್ಯಾಯ ಕೇಳಿದರು, ಅದೂ ಕನ್ನಡದಲ್ಲಿ! ಮೇಲೆ ಆಫೀಸಿನ ಟೈ, ಕೆಳಗೆ ಪಂಚೆ. ಕೂರಲು ಊರಿಂದ ತಂದ ಚಾಪೆ. ಇನ್ನು ನಾನೆಲ್ಲಿ? ಗ್ಯಾಲರಿಯ ಆ ತುದಿಯಲ್ಲಿ, ಪುಸ್ತಕದೊಳಗೆ ಮುಖ ಹುದುಗಿಸಿಕೊಂಡು, ಭೂಮಿ ಬಾಯಿ ಬಿಡಬಾರದೇ ಎಂದು ಹಾರೈಸುತ್ತಾ ಕೂತಿರುತ್ತಿದ್ದೆ. ಹೋಗದಿದ್ದರೆ ಆಗುತ್ತಿರಲಿಲ್ಲವೇ ಎನ್ನುತ್ತೀರಾ? “ಅವರೊಬ್ಬರನ್ನೇ ಕಳಿಸೋಕೆ ಭಯ ಕಣೇ” ಎಂದು ಅಕ್ಕ ನನ್ನನ್ನು ಕಾವಲಿಗೆ ಅಟ್ಟುತ್ತಿದ್ದಳು.

ದೂರದಿಂದ ಬಂದ ಆಟಗಾರರನ್ನು ಬೇಸಿಗೆ ಮುಗಿಯುವವರೆಗೆ ಊರಿನ ಮನೆಗಳವರೇ ಇಟ್ಟುಕೊಳ್ಳುವುದು ಲೀಗಿನ ಪದ್ಧತಿ. ಆ ವರ್ಷ ಭಾವ ಅಕ್ಕನನ್ನು ಒಂದು ಮಾತೂ ಕೇಳದೆ ಓಹಾಯೋದ ಹುಡುಗನೊಬ್ಬನನ್ನು ಕರೆತಂದು ನೆಲಮಾಳಿಗೆಯಲ್ಲಿ ಇಳಿಸಿದರು. ಚೆಂಡೆಸೆಯುವ ಪಿಚರ್ ಅವನು; ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಮೊದಲ ದಿನ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದ. ವಾರದೊಳಗೆ ಒಗ್ಗರಣೆಯ ವಾಸನೆಗೇ ಮೇಲೆ ಹತ್ತಿ ಬರತೊಡಗಿದ. ನಾನು ಕರೆಯುವುದನ್ನು ಕೇಳಿ ಅವನೂ “ಭಾವಾ” ಎನ್ನುತ್ತಿದ್ದ. ಭಾವನಂತೂ ಉಬ್ಬಿಹೋದರು.

ಹೀಗಿರುವಾಗ ಸ್ಕೌಟೊಬ್ಬ ಇವನ ಆಟ ನೋಡಲು ಬರುತ್ತಾನೆಂಬ ಸುದ್ದಿ ಬಂತು. ಭಾವ ಅಡುಗೆಮನೆಗೆ ನುಗ್ಗಿದರು.

“ಉಪ್ಪಿಟ್ಟು-ಕೇಸರಿಭಾತು ಮಾಡು.”

“ರೀ, ಅವರೇನು ಹೆಣ್ಣು ನೋಡೋಕೆ ಬರ್ತಿದಾರಾ?” ಎಂದಳು ಅಕ್ಕ.

“ಎಲ್ಲಾ ಒಂದೇ ಕಣೇ. ನೋಡೋರು ಆರಾಮಾಗಿ ನೋಡ್ತಾರೆ, ನೋಡಿಸ್ಕೊಳ್ಳೋರು ಬೆವರ್ತಾರೆ. ಮನೆ ಹುಡುಗನ್ನ ನೋಡೋಕೆ ಬಂದೋರನ್ನ ಬರೀ ಬಾಯಲ್ಲಿ ಕಳಿಸೋಕಾಗತ್ತಾ?”

ಆಟದ ದಿನ ಗ್ಯಾಲರಿಯಲ್ಲಿ ಕಪ್ಪು ಕನ್ನಡಕದ ಸ್ಕೌಟ್ ತೊಡೆಯ ಮೇಲೆ ಸ್ಟೀಲ್ ತಟ್ಟೆ ಬಂದು ಕೂತಿತು! ಆತ ಪಾಪ, ಸಂಕೋಚದ ಮನುಷ್ಯ, ಚಮಚ ಎತ್ತಿಕೊಂಡ. ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗುಣಗಾನ ಶುರುಮಾಡಿದರು: “ವೆರಿ ಗುಡ್ ಬಾಯ್, ಸರ್. ನೋ ಸ್ಮೋಕಿಂಗ್, ನೋ ಡ್ರಿಂಕಿಂಗ್. ಗುಡ್ ಫ್ಯಾಮಿಲಿ. ಫಾದರ್ ಡೆಂಟಿಸ್ಟ್!” ಅಕ್ಕಪಕ್ಕದವರು ನಗುತ್ತಿದ್ದರು. ನನ್ನ ಕಿವಿ ಸುಡುತ್ತಿತ್ತು.

ಅಷ್ಟರಲ್ಲಿ ಹುಡುಗ ಎಸೆಯಲು ನಿಂತ. ಸ್ಕೌಟು ಇಡೀ ಹಸಿಮೆಣಸಿನಕಾಯಿಯೊಂದನ್ನು ಬೀನ್ಸ್ ಎಂದುಕೊಂಡು ಅಗಿದದ್ದೂ ಆಗಲೇ. ಮುಖ ಕೆಂಪಾಗಿ, ಕಣ್ಣು-ಮೂಗು ಸುರಿದು, ನೀರಿನ ನಲ್ಲಿ ಹುಡುಕಿಕೊಂಡು ಓಡಿದ. ಇತ್ತ ನಮ್ಮ ಹುಡುಗ ಒಬ್ಬರ ಹಿಂದೊಬ್ಬರಂತೆ ಮೂವರು ಬ್ಯಾಟುಗಾರರನ್ನು ಚೆಂಡು ಮುಟ್ಟಲೂ ಬಿಡದೆ ಮನೆಗೆ ಕಳಿಸಿದ! ಮೈದಾನವೆಲ್ಲ ಎದ್ದು ನಿಂತಿತು. ಸ್ಕೌಟು ಮುಖ ಒರೆಸಿಕೊಂಡು ಮರಳುವಾಗ ಹುಡುಗನ ಪಾಳಿ ಮುಗಿಯಿತೆಂದು ಕೋಚು ಬೇರೆ ಪಿಚರನನ್ನು ಇಳಿಸಿಯಾಗಿತ್ತು. ಆತ ಟೋಪಿ ಎತ್ತಿಕೊಂಡು ಹೊರಟೇಹೋದ.

ಕಾರಿನಲ್ಲಿ ಹುಡುಗ “ಇಟ್ಸ್ ಓಕೆ, ಭಾವಾ” ಎಂದನೇನೋ ನಿಜ. ಆದರೆ ಅಂದು ಊಟಕ್ಕೆ ಮೇಲೆ ಬರಲಿಲ್ಲ. ಭಾವನೂ ತಟ್ಟೆ ಮುಂದೆ ಕೂತು ಹಾಗೇ ಎದ್ದರು. ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲ. ಅವರು ನಾಚಿಕೊಂಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಅವರು ಆಫೀಸಿಗೆ ರಜೆ ಹಾಕಿದರು. ಆ ಸ್ಕೌಟು ಲಾಂಗ್ ಐಲೆಂಡಿನ ಮೈದಾನವೊಂದಕ್ಕೆ ಹೋಗುತ್ತಾನೆಂದು ಯಾರಿಂದಲೋ ತಿಳಿದುಕೊಂಡು, ಮದುವೆಯ ಸೂಟು ತೊಟ್ಟು, ಮ್ಯಾಪು ನೋಡಿ ದಾರಿ ಹೇಳಲು ನನ್ನನ್ನು ಕೂರಿಸಿಕೊಂಡು ಹೊರಟರು.

“ಭಾವ, ನಿಮ್ಮ ದಮ್ಮಯ್ಯ, ವಾಪಸ್ ಹೋಗೋಣ. ಇಲ್ಲಿ ಯಾರೂ ಹೀಗೆಲ್ಲ ಹೋಗಿ ಬೇಡ್ಕೊಳ್ಳಲ್ಲ. ನಗ್ತಾರೆ.”

“ನಗ್ಲಿ ಬಿಡು. ನನಗೇನು ಹೊಸದಾ? ಆ ಮಂಡ್ಯದೋರ ಮನೆಗೂ ಹೋಗಿದ್ನಲ್ಲ.”

“ಯಾವ ಮಂಡ್ಯದೋರು?”

ಭಾವ ನಾಲಿಗೆ ಕಚ್ಚಿಕೊಂಡರು. ಸೇತುವೆ ದಾಟಿದ ಮೇಲೆ ರಸ್ತೆ ನೋಡುತ್ತಲೇ ಹೇಳಿದರು: “ನಾವು ರಜಕ್ಕೆ ಊರಿಗೆ ಬಂದಿದ್ದಾಗ ನಿನ್ನ ನೋಡಿ, ಬೇಡ ಅಂದ್ರಲ್ಲ, ಅವರೇ. ನೀನು ಊಟ ಬಿಟ್ಟು ಕೂತಿದ್ದೆ. ಮಾವನೋರು ಇದ್ದಿದ್ರೆ ಅವರು ಹೋಗೋರು. ಅವರಿಲ್ಲ, ಅದಕ್ಕೆ ನಾನು ಹೋದೆ. ಇನ್ನೊಂದ್ಸಲ ಬಂದು ನೋಡಿ, ನಮ್ಮ ಹುಡುಗಿ ಚಿನ್ನ ಅಂದೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ರು. ಹೋಗ್ಲಿ ಬಿಡು, ಚೆನ್ನಾಗಿ ಓದ್ತಿದೀಯಲ್ಲ... ಈಗ ಎಡಕ್ಕೋ ಬಲಕ್ಕೋ ಹೇಳು ಪುಟ್ಟಿ.”

ನನಗೆ ಮ್ಯಾಪು ಕಾಣಿಸುತ್ತಿರಲಿಲ್ಲ.

ಮೈದಾನ ಸಿಕ್ಕಿತು. ಬೇಲಿಯ ಹತ್ತಿರ ಸ್ಕೌಟು ನಿಂತಿದ್ದ. ಭಾವ ಬಿಸಿಲಲ್ಲಿ ಬೆವರುತ್ತಾ ಅವನೆದುರು ಎರಡೂ ಕೈ ಜೋಡಿಸಿ ನಿಂತರು. “ಮಿಸ್ಟೇಕ್ ಈಸ್ ಮೈನ್, ಸರ್. ನಾಟ್ ದಿ ಬಾಯ್ಸ್. ಪ್ಲೀಸ್ ಸೀ ಹಿಮ್ ಒನ್ಸ್ ಮೋರ್.” ಸುತ್ತಲಿದ್ದವರು ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಸ್ಕೌಟು ಏನೂ ತೋಚದೆ, ಕಾರಿನ ಬಳಿಯಿದ್ದ ನನ್ನತ್ತ ನೋಡಿ, ಇವರು ನಿಮ್ಮ ಕಡೆಯವರೇ ಎಂದು ಕೇಳಿದ.

ನಾನು ಹೋಗಿ ಭಾವನ ಪಕ್ಕದಲ್ಲಿ ನಿಂತೆ.

“ಯೆಸ್,” ಎಂದೆ. “ಹೀ ಈಸ್ ಮೈ ಫಾದರ್.”