ಹದಿನೆಂಟು ಮಿಲಿಮೀಟರ್ ಹೊಟ್ಟೆಕಿಚ್ಚು

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಕುಂಬ್ರದ ನನ್ನ ಶೆಡ್ಡಿನಲ್ಲಿ, ಮರ ಕೆತ್ತುವ ರೂಟರ್ ಯಂತ್ರದ ಎಡಬದಿಗೆ, ಮೇಜಿನ ಅಂಚಿನಿಂದ ಸುಮಾರು ಎರಡೂವರೆ ಅಡಿ ದೂರದಲ್ಲಿ ನಿಂತಿದ್ದೆ. ಬಲಗೈಯಲ್ಲಿ ಯಂತ್ರದ ರಿಮೋಟ್ ಇತ್ತು. ಎಡಗೈ ಸೊಂಟದ ಮೇಲಿತ್ತು. ಎಡಗೈ ಇರಬೇಕಾದದ್ದು ತುರ್ತಿಗೆ ಯಂತ್ರ ನಿಲ್ಲಿಸಲೆಂದು ಇಟ್ಟಿರುವ ಕೆಂಪು ಗುಂಡಿಯ ಮೇಲೆ. ಅದು ಸೊಂಟಕ್ಕೆ ಹೇಗೆ ಹೋಯಿತು ಎಂಬುದೇ ನಾನು ಹೇಳಹೊರಟ ಸಂಗತಿ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೂ ಕಾರಣವಿದೆ. ಆ ದಿನ ನಡೆದದ್ದು ಕುಂಬ್ರ ಜಂಕ್ಷನ್ನಿನ ಹೋಟೆಲುಗಳಲ್ಲಿ ಈಗಾಗಲೇ ಮೂರು ಬಗೆಯಲ್ಲಿ ಓಡಾಡುತ್ತಿದೆ. ಒಂದರಲ್ಲಿ ನಾನು ಅತ್ತಿದ್ದೇನೆ. ನಾನು ಅಳಲಿಲ್ಲ. ಮರದ ಹುಡಿ ಕಣ್ಣಿಗೆ ಬಿದ್ದಿತ್ತು, ಅದೂ ಒಂದೇ ಕಣ್ಣಿಗೆ.

ನಾನು ಮರದ ಕೆಲಸದವನು. ಬಾಗಿಲಿನ ಮೇಲೆ ಬಳ್ಳಿ, ನವಿಲು, ಮನೆಯ ಹೆಸರು ಇತ್ಯಾದಿಗಳನ್ನು ಹಿಂದೆ ಉಳಿಯಲ್ಲಿ ಕೆತ್ತುತ್ತಿದ್ದೆ, ಈಗ ಸಿಎನ್‌ಸಿ ರೂಟರಿನಲ್ಲಿ ಕೆತ್ತುತ್ತೇನೆ. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಯಂತ್ರದ ತಲೆಗೆ ಸಿಕ್ಕಿಸಿದ ಬಿಟ್ ಗಿರಗಿರ ತಿರುಗುತ್ತಾ ಹೋಗಿ ಅದನ್ನು ಮರದಲ್ಲಿ ಕೊರೆಯುತ್ತದೆ. ಬಹಳ ಬುದ್ಧಿವಂತ ಯಂತ್ರ. ಆದರೆ ಮರ ಎಲ್ಲಿಂದ ಶುರುವಾಗುತ್ತದೆ ಎಂಬುದು ಮಾತ್ರ ಅದಕ್ಕೆ ತಿಳಿಯದು. ಪ್ರತಿ ಸಲ ಬಿಟ್ ಬದಲಿಸಿದಾಗಲೂ ನಾವೇ ಅದಕ್ಕೆ, ನೋಡಪ್ಪ, ಮರದ ಮೇಲ್ಮೈ ಇಲ್ಲಿದೆ ಎಂದು ತೋರಿಸಬೇಕು. ನಾನು ಐದು ವರ್ಷ ತೋರಿಸಿದ್ದು ಬಸ್ ಟಿಕೆಟಿನಲ್ಲಿ. ಮರದ ಮೇಲೆ ಟಿಕೆಟ್ ಇಟ್ಟು, ಅದನ್ನು ಬೆರಳಲ್ಲಿ ಆಚೆ ಈಚೆ ಆಡಿಸುತ್ತಾ ಬಿಟ್ಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗಿಳಿಸುವುದು. ಟಿಕೆಟ್ ಸಿಕ್ಕಿಹಾಕಿಕೊಂಡಿತೋ, ಅಲ್ಲಿಗೆ ಸೊನ್ನೆ, ಯಂತ್ರದ ಅಳತೆ ಅಲ್ಲಿಂದ ಶುರು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನ ಟಿಕೆಟ್ ಈ ಕೆಲಸಕ್ಕೆ ಬಹಳ ಒಳ್ಳೆಯದು. ಮದುವೆ ಕಾಗದ ದಪ್ಪ, ಪೇಪರು ಹರಿಯುತ್ತದೆ. ಈ ವಿದ್ಯೆಯಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೊಟ್ಟೆಕಿಚ್ಚಿನ ಬಗ್ಗೆ ಒಂದು ಮಾತು. ಅದು ದೂರದವರ ಮೇಲೆ ಬರುವುದಿಲ್ಲ. ಮಂಗಳೂರಿನಲ್ಲಿ ಯಾರೋ ನನ್ನದಕ್ಕಿಂತ ನಾಲ್ಕು ಪಟ್ಟು ದೊಡ್ಡ ಯಂತ್ರ ಇಟ್ಟಿದ್ದಾರಂತೆ. ಇಟ್ಟುಕೊಳ್ಳಲಿ, ದೇವರು ಒಳ್ಳೆಯದು ಮಾಡಲಿ. ನನ್ನ ಹೊಟ್ಟೆಕಿಚ್ಚು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಒಳಗೇ ಓಡಾಡುತ್ತದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಕಡಬದಲ್ಲಿ ಒಂದು ಶೆಡ್ಡಿನ ಸುತ್ತ. ಆ ಶೆಡ್ಡು ಜನಾರ್ದನನದ್ದು. ನಾವಿಬ್ಬರೂ ಸುಳ್ಯದ ಒಬ್ಬರೇ ದೊಡ್ಡ ಆಚಾರ್ರ ಕೈಕೆಳಗೆ ಆರು ವರ್ಷ ಕೆಲಸ ಕಲಿತವರು. ಗುರುಗಳು ಇಬ್ಬರ ಹಲಗೆಗಳ ಮೇಲೂ ಕೈಯಾಡಿಸುತ್ತಿದ್ದರು. ಅವನ ಹಲಗೆಗೆ "ಆಯ್ತು" ಎನ್ನುತ್ತಿದ್ದರು. ನನ್ನ ಹಲಗೆಗೆ "ನೋಡುವ", ಅಂದರೆ ನೋಡೋಣ, ಎನ್ನುತ್ತಿದ್ದರು. ಗುರುಗಳು ತೀರಿಕೊಂಡು ಬಹಳ ಕಾಲವಾಯಿತು. ಆ "ನೋಡುವ" ಮಾತ್ರ ಇನ್ನೂ ತೀರಿಲ್ಲ.

ಆರು ತಿಂಗಳ ಹಿಂದೆ ಜನಾರ್ದನನಿಂದ ಹಲಗೆ ಬಿಗಿದು ಹಿಡಿಯುವ ಒಂದು ಕ್ಲಾಂಪ್ ಎರವಲು ತಂದಿದ್ದೆ. ಅದನ್ನು ಹಿಂದಿರುಗಿಸಲೆಂದು ಕಡಬಕ್ಕೆ ಹೋದವನು ಅವನ ಮೇಜಿನ ಮೇಲೆ ಹಿತ್ತಾಳೆಯ ಒಂದು ಗುಂಡನೆ ವಸ್ತುವನ್ನು ಕಂಡೆ. ಕರಡಿಗೆಯಷ್ಟು ದಪ್ಪ, ಬಾಲದಂತೆ ಒಂದು ವೈರು. ಅವನು ಅದನ್ನು ಮರದ ಮೇಲಿಟ್ಟು ಒಂದು ಗುಂಡಿ ಒತ್ತಿದ. ಬಿಟ್ ತಾನಾಗಿ ಕೆಳಗಿಳಿಯಿತು, ವಸ್ತುವಿನ ನೆತ್ತಿಯನ್ನು ಮುಟ್ಟಿತು, ಹಸಿರು ದೀಪ ಬೆಳಗಿತು, ಬಿಟ್ ಮೇಲೆದ್ದಿತು. ಮುಗಿಯಿತು. "ಟೂಲ್ ಹೈಟ್ ಸೆಟ್ಟರ್ ಮಾರಾಯ, ಮರ ಎಲ್ಲುಂಟು ಅಂತ ಅದೇ ಹುಡುಕ್ತದೆ" ಎಂದ ಜನಾರ್ದನ, ಯಾವ ಜಂಬವೂ ಇಲ್ಲದೆ. ಜಂಬವಾದರೂ ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ಓ, ಇದಾ" ಎಂದೆ, ಇಂಥದ್ದು ನಮ್ಮ ಅಟ್ಟದಲ್ಲಿ ಹತ್ತಾರು ಬಿದ್ದಿವೆ ಎನ್ನುವ ಹಾಗೆ. ಅವನು ಚಹಾ ತರಲು ಒಳಗೆ ಹೋದಾಗ ಯಂತ್ರದ ಪೆಟ್ಟಿಗೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ದೊಡ್ಡದಾಗಿ "ಸೆಟ್ಟರ್ – 50" ಎಂದು ಬರೆದಿದ್ದನ್ನು ಓದಿ ಬಾಯಿಪಾಠ ಮಾಡಿಕೊಂಡೆ. ಕ್ಲಾಂಪನ್ನು ಚೀಲದಿಂದ ತೆಗೆಯದೆ ಹಾಗೆಯೇ ವಾಪಸು ತಂದೆ. ಮುಂದೆ ಹೋಗುವುದಕ್ಕೆ ಒಂದು ನೆಪ ಬೇಕಲ್ಲ.

ಆಮೇಲೆ ಕುಸುಮಕ್ಕ ಬಂದರು. ಬೆಟ್ಟಂಪಾಡಿಯವರು, ಹೊಸ ಮನೆ ಕಟ್ಟಿಸುತ್ತಿದ್ದರು. ಅವರ ಹಿತ್ತಿಲ ಹಲಸಿನ ಮರ ಗಾಳಿಗೆ ಬಿದ್ದಾಗ ಕೊಯ್ಸಿ ಒಣಗಿಸಿಟ್ಟ ಹಲಗೆಗಳಿದ್ದವು, ಎದುರು ಬಾಗಿಲಿನ ಎರಡು ಪಡಿಗೆ, ಅಂದರೆ ಎರಡು ಕದಕ್ಕೆ, ಸರಿಯಾಗಿ ಸಾಲುವಷ್ಟು, ಒಂದು ಗೇಣು ಹೆಚ್ಚಿಲ್ಲ. ಆ ಮರದ ಹಣ್ಣು ತಿಂದೇ ಅವರು ದೊಡ್ಡವರಾದದ್ದು. ಅವರು ಬಂದ ಹೊತ್ತಿಗೆ ನಾನು ಬಗ್ಗಿ ನಿಂತು ಟಿಕೆಟ್ ಆಡಿಸುತ್ತಿದ್ದೆ. ಸ್ವಲ್ಪ ಹೊತ್ತು ನೋಡಿದರು.

"ಎಂತ ಆಚಾರ್ರೇ, ಮಿಷಿನಿಗೂ ಟಿಕೆಟ್ ತೆಗೀಲಿಕ್ಕುಂಟಾ? ಎಲ್ಲಿಗೆ ಹೋಗುದು ಅದು?"

ನಾನು ನಕ್ಕೆ. ಅವರು ನಗದೆ ಮುಂದುವರಿಸಿದರು. "ಕಡಬದ ಜನಾರ್ದನ ಆಚಾರ್ರ ಹತ್ರ ಇದೆಲ್ಲ ಇಲ್ಲ. ಅಲ್ಲಿ ಒಂದು ದೀಪ ಉಂಟು, ಪಕ್ಕನೆ ಹೇಳ್ತದೆ. ನೋಡಿ, ಒಂದು ಪಡಿ ನೀವು ಮಾಡಿ. ಸರಿ ಆದ್ರೆ ಇನ್ನೊಂದು ಪಡಿ, ಕಿಟಕಿ, ದೇವರ ಕೋಣೆ ಎಲ್ಲ ನಿಮಗೇ. ಆಗದಿದ್ರೆ ಮರ ಕಡಬಕ್ಕೆ ಹೋಗ್ತದೆ. ಬೇಜಾರು ಮಾಡ್ಬೇಡಿ."

ಬೇಜಾರು ಮಾಡಲಿಲ್ಲ. ಸೆಟ್ಟರ್ ಹುಡುಕತೊಡಗಿದೆ. ಹದಿನೈದು ದಿನ ಹುಡುಕಿದೆ. ಊಟ ಮಾಡುವಾಗಲೂ ಎಡಗೈಯಲ್ಲಿ ಮೊಬೈಲು. "ಮಗನಿಗೆ ಹೆಣ್ಣು ನೋಡುವಾಗ ಇದರ ಅರ್ಧ ನೋಡಿಲ್ಲ ನೀವು" ಎಂದಳು ಹೆಂಡತಿ ಶಶಿಕಲಾ. ಸೆಟ್ಟರಿನಲ್ಲಿ ಎಷ್ಟು ಬಗೆ ಎನ್ನುತ್ತೀರಿ! ಒಂದು ಬರೀ ಲೋಹದ ಬಿಲ್ಲೆ. ಅದರ ಜೊತೆ ಬರುವ ಕ್ಲಿಪ್ಪನ್ನು ಪ್ರತಿ ಸಲ ಬಿಟ್ಟಿಗೆ ಸಿಕ್ಕಿಸಬೇಕು, ಮರೆತರೆ ಬಿಟ್ ನಿಲ್ಲದೆ ಬಿಲ್ಲೆಯನ್ನೇ ಕುಕ್ಕುತ್ತದೆ. ನಾನು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವನು, ಅದು ಬೇಡ. ಇನ್ನೊಂದಕ್ಕೆ ಗಡಿಯಾರದಂಥ ಮುಖ, ಮುಳ್ಳು ನೋಡಿ ಓದಬೇಕು. ಅದಕ್ಕೂ ಕನ್ನಡಕ ಬೇಕು, ಬೇಡ. ಮತ್ತೊಂದನ್ನು ಮೇಜಿನ ಮೂಲೆಗೆ ಖಾಯಂ ಆಗಿ ಬಿಗಿಯಬೇಕು. ನನ್ನ ಮೇಜಿನ ಮೂಲೆಯಲ್ಲಿ ಬೆಕ್ಕು ಮಲಗುತ್ತದೆ. ನಮ್ಮಂಥ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು ಜನಾರ್ದನನದ್ದೇ: ಒಳಗೆ ಸ್ಪ್ರಿಂಗು ಇದೆ, ಬಿಟ್ ತುಸು ಹೆಚ್ಚು ಒತ್ತಿದರೂ ತಗ್ಗಿಕೊಡುತ್ತದೆ. ಇದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಉಳಿದ ಹದಿನಾಲ್ಕು ದಿನ ಕಳೆದದ್ದು ಅದೇ ಜಾತಿಯದ್ದು, ಆದರೆ ಅದಲ್ಲದ್ದು ಒಂದನ್ನು ಹುಡುಕುವುದಕ್ಕೆ. ಕೊನೆಗೆ ಸಿಕ್ಕಿತು. ಸ್ಪ್ರಿಂಗು ಇತ್ತು. ಅವನದ್ದಕ್ಕೆ ಒಂದು ದೀಪ, ಇದಕ್ಕೆ ಎರಡು. ಅವನದ್ದು ಮೂಕ, ಇದು ಪೀಂ ಎನ್ನುತ್ತದೆ. ದೀಪ ನೋಡಿದೆ, ಶಬ್ದ ಕೇಳಿದೆ, ವೈರಿನ ಉದ್ದ ನೋಡಿದೆ, ಬಣ್ಣ ನೋಡಿದೆ. ಎತ್ತರ ಹೇಳುವ ಸಾಧನವನ್ನು ಕೊಳ್ಳುವಾಗ ಅದರ ಎತ್ತರವೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿದೆ.

ಅದು ಕೊರಿಯರಿನಲ್ಲಿ ಬಂದ ದಿನವೇ ಜನಾರ್ದನನಿಗೆ ಫೋನು ಮಾಡಿದೆ. "ನಿನ್ನ ಕ್ಲಾಂಪ್ ಇಲ್ಲೇ ಉಂಟು, ಬುಧವಾರ ಬಂದು ತಕ್ಕೊಂಡು ಹೋಗು" ಎಂದೆ. ಕುಸುಮಕ್ಕನನ್ನೂ ಅದೇ ಹೊತ್ತಿಗೆ ಕರೆದೆ. ಶಶಿಕಲಾ ಪಾನಕ ಮಾಡಿದಳು. ಒಂದು ಸಣ್ಣ ಉದ್ಘಾಟನೆಯೇ ಎನ್ನಿ. ಈ ಸೆಟ್ಟರು ನೆಟ್ಟಗೆ ಕೆಲಸ ಮಾಡಬೇಕಾದರೆ ಅದರ ದಪ್ಪ ಎಷ್ಟೆಂದು ಯಂತ್ರಕ್ಕೆ ಒಮ್ಮೆ ತಿಳಿಸಬೇಕು. ಬಿಟ್ ಅದರ ನೆತ್ತಿ ಮುಟ್ಟಿದಾಗ, ಮರ ಇಲ್ಲಿಂದ ಇಷ್ಟು ಕೆಳಗಿದೆ ಎಂದು ಯಂತ್ರ ಲೆಕ್ಕ ಹಾಕುವುದು ಆ ಅಂಕಿಯಿಂದಲೇ. ನಾನು ಐವತ್ತು ಎಂದು ಕೊಟ್ಟೆ. ಪೆಟ್ಟಿಗೆಯಲ್ಲಿದ್ದ ಚೀಟಿಯನ್ನು ಬಿಚ್ಚಲೇ ಇಲ್ಲ. ಕಷ್ಟಪಟ್ಟು ಕದ್ದು ತಂದ ಅಂಕಿ ಕೈಯಲ್ಲಿರುವಾಗ ಪುಕ್ಕಟೆ ಸಿಗುವ ಚೀಟಿ ಯಾರಿಗೆ ಬೇಕು?

ಮೊದಲು ಚಕ್ಕೆಪಕ್ಕೆ ಮರದ ಮೇಲೆ ಪರೀಕ್ಷೆ ಮಾಡಬೇಕು ಎಂಬುದು ಗುರುಗಳ ಕಟ್ಟಪ್ಪಣೆ. ಆದರೆ ಜನಾರ್ದನ ಕೈಕಟ್ಟಿಕೊಂಡು ನೋಡುತ್ತಿರುವಾಗ ಚಕ್ಕೆ ಇಡುವುದೆಂದರೆ, "ನೋಡುವ" ಎಂದು ನನಗೆ ನಾನೇ ಹೇಳಿಕೊಂಡ ಹಾಗೆ. ಹಲಸಿನ ಪಡಿಯನ್ನೇ ಮೇಜಿನ ಮೇಲೆ ಬಿಗಿದೆ. ಸೆಟ್ಟರ್ ಇಟ್ಟೆ. ಬಿಟ್ ಇಳಿಯಿತು, ಮುಟ್ಟಿತು, ಎರಡು ದೀಪ ಬೆಳಗಿದವು, ಪೀಂ ಎಂದಿತು. "ಓ, ಇದು ಮಾತಾಡ್ತದಾ!" ಎಂದರು ಕುಸುಮಕ್ಕ. ನನ್ನ ಎಡಗೈ ಸೊಂಟಕ್ಕೆ ಹೋದದ್ದು ಆ ಕ್ಷಣದಲ್ಲಿ.

ಸೆಟ್ಟರ್ ಎತ್ತಿಟ್ಟು ಯಂತ್ರವನ್ನು ಚಾಲೂ ಮಾಡಿದೆ. ಯಾವಾಗಲೂ ಮರಕ್ಕಿಂತ ಒಂದು ಬೆರಳಿನಷ್ಟು ಮೇಲೆ ಹಾಯುವ ಬಿಟ್ ಅಂದು ಅಕ್ಕಿಕಾಳಿನಷ್ಟೇ ಎತ್ತರದಲ್ಲಿ ಹಲಗೆಯನ್ನು ಸವರಿಕೊಂಡು ಹೋಯಿತು. ಅದನ್ನು ನಾನು ಕಂಡಿದ್ದೇನೆ. ಹೊಸ ಸಾಧನದ ನಯವಿನಯ ಎಂದುಕೊಂಡೆ. ಮರುಕ್ಷಣ ಬಿಟ್ ಹಲಸಿನೊಳಗೆ ಇಳಿಯಿತು. ಇಳಿದೇ ಇಳಿಯಿತು. ಯಂತ್ರ ಗೊರಗೊರ ಎಂದಿತು, ಹೊಗೆ ಬಂತು, ಹಳದಿ ಹುಡಿ ಎದ್ದಿತು. ನಾನು ನಿಂತಲ್ಲೇ ನಿಂತಿದ್ದೆ. ಕೆಂಪು ಗುಂಡಿ ಒತ್ತಿದ್ದು ನಾನಲ್ಲ. ಜನಾರ್ದನ ಪಾನಕದ ಗಾಜಿನ ಲೋಟ ಬಿಸಾಡಿ ಹಾರಿ ಬಂದು ಒತ್ತಿದ. ಆ ಹೊತ್ತಿಗೆ ಒಂದು ಗೇಣು ಉದ್ದದ ಚರಂಡಿಯಾಗಿತ್ತು. ಅದರ ತುದಿಯಲ್ಲಿ ಮುರಿದ ಬಿಟ್ ನೆಟ್ಟಗೆ ನಿಂತಿತ್ತು. ಆಮೇಲೆ ಅಳೆದೆ: ಆಳ ಇಪ್ಪತ್ತೊಂದು ಮಿಲಿಮೀಟರ್. ಇರಬೇಕಾದದ್ದು ಮೂರು.



"ಆಚಾರ್ರೇ, ಇದು ಡಿಸೈನಾ?" ಎಂದರು ಕುಸುಮಕ್ಕ, ಬಹಳ ಮೆಲ್ಲಗೆ. ನಾನು ತಲೆ ತಗ್ಗಿಸಿದೆ. "ನನ್ನ ಹತ್ರ ಬೇರೆ ಹಲಗೆ ಇಲ್ಲ" ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಹಲಗೆಯ ಮೇಲೆ ಕೈಯಿಟ್ಟುಕೊಂಡು ನಿಂತರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಹುಡಿ ಕಣ್ಣಿಗೆ ಬಿದ್ದದ್ದು ಆಗ.

ಜನಾರ್ದನ ನನ್ನ ಸೆಟ್ಟರನ್ನು ಕೈಗೆತ್ತಿಕೊಂಡು ಬೋರಲು ಮಾಡಿದ. "ಇಲ್ಲಿ ಮೂವತ್ತೆರಡು ಅಂತ ಕೆತ್ತಿಯೇ ಉಂಟಲ್ಲ ಮಾರಾಯ. ನೀನು ಎಷ್ಟು ಕೊಟ್ಟದ್ದು?"

"ಐವತ್ತು."

"ಐವತ್ತು ಎಲ್ಲಿಂದ ಬಂತು?"

ನಾನು ತಲೆಯೆತ್ತಿ ಮಾಡಿನ ಶೀಟು ನೋಡಿದೆ. ಅವನಿಗೆ ಅರ್ಥವಾಯಿತು. "ನನ್ನ ಪೆಟ್ಟಿಗೆಯಿಂದಲಾ?" ಎಂದ. "ಕೇಳಿದ್ರೆ ಹೇಳ್ತಿರ್ಲಿಲ್ವಾ? ನಾನು ಎರಡು ಬಿಟ್ ಮುರಿದ ಮೇಲೆ ಅದನ್ನು ಬರೆದದ್ದು." ಕೇಳಬಹುದಿತ್ತು, ನಿಜ. ಕೇಳಿ ತಿಳಿಯಲು ಮನಸ್ಸಿದ್ದರೆ ಅದಕ್ಕೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೆಸರಿಡುತ್ತಿದ್ದರೇ? "ಇವರು ನನ್ನನ್ನೇ ಏನೂ ಕೇಳುವುದಿಲ್ಲ ಜನಾರ್ದನಣ್ಣ, ಇನ್ನು ನಿಮ್ಮನ್ನು ಕೇಳ್ತಾರಾ!" ಎಂದಳು ಶಶಿಕಲಾ, ಲೋಟದ ಚೂರು ಹೆಕ್ಕುತ್ತಾ.

ಜನಾರ್ದನ ಹಲಗೆಯ ದಪ್ಪ ನೋಡಿದ, ನಲವತ್ತು ಮಿಲಿಮೀಟರ್. "ಅರ್ಧ ಉಳಿದಿದೆಯಲ್ಲ ಅಕ್ಕ, ಬಾಗಿಲು ಸಾಯ್ಲಿಲ್ಲ. ಮಗುಚಿ ಹಾಕಿ ಆಚೆ ಬದಿಗೆ ಕೆತ್ತುವ. ಈ ಬದಿ ಒಳಗೆ ಬರ್ತದೆ. ಈ ಹೊಂಡಕ್ಕೆ ನಾನು ತುಂಡು ಕೂರಿಸ್ತೇನೆ" ಎಂದ. ಪಡಿಯ ತಲೆಯ ಕಡೆಯಿಂದ ಕೊಯ್ದು ಬಿದ್ದಿದ್ದ ಹಲಸಿನದೇ ಚೂರೊಂದನ್ನು ಹುಡುಕಿದ, ನನ್ನ ಉಳಿಯನ್ನೇ ಕೇಳಿ ತೆಗೆದುಕೊಂಡ, ಕೂತ. ಯಂತ್ರವಿಲ್ಲ, ದೀಪವಿಲ್ಲ, ಪೀಂ ಇಲ್ಲ. ಒಂದೂವರೆ ಗಂಟೆಯಲ್ಲಿ ಆ ತುಂಡು ಚರಂಡಿಯೊಳಗೆ ಕೂತಿತು, ಮರದ ಗೆರೆಗೆ ಗೆರೆ ಸೇರಿಸಿ. ಅಂಟು ಒಣಗಿ, ಹತ್ತರಿ ಉಜ್ಜಿ ನಯ ಮಾಡಿದ ಮೇಲೆ ನಾನೇ ಕನ್ನಡಕ ಹಾಕಿ ತುಂಡು ಸೇರಿದ ಗೆರೆಯನ್ನು ಹುಡುಕಿದೆ, ಸಿಗಲಿಲ್ಲ. ಮರುದಿನ ಇನ್ನೊಂದು ಬದಿಗೆ ಬಸ್ ಟಿಕೆಟ್ ಇಟ್ಟು, ಕೆಂಪು ಗುಂಡಿಯ ಮೇಲೆ ಎಡಗೈ ಇಟ್ಟು, ಬಳ್ಳಿ ನವಿಲು ಎಲ್ಲ ಕೆತ್ತಿದೆ. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾದ ನವಿಲು ಬಂದದ್ದಿಲ್ಲ. ಕುಸುಮಕ್ಕ ಇನ್ನೊಂದು ಪಡಿಯನ್ನೂ ಕಿಟಕಿಗಳನ್ನೂ ನನಗೇ ಕೊಟ್ಟರು. ದೇವರ ಕೋಣೆ ಮಾತ್ರ ಕಡಬಕ್ಕೆ ಹೋಯಿತು.

ಮನೆ ಒಕ್ಕಲಿನ ದಿನ ನಾನು ಆ ಬಾಗಿಲಿನ ಹೊರಗೆ, ಬಲಬದಿಯಲ್ಲಿ, ನವಿಲಿನಿಂದ ಮೂರು ಅಡಿ ದೂರದಲ್ಲಿ ನಿಂತಿದ್ದೆ, ಯಾರಾದರೂ ಕೇಳಿದರೆ ಹೇಳೋಣವೆಂದು. ಯಾರೂ ಕೇಳಲಿಲ್ಲ. ಕುಸುಮಕ್ಕ ಬಂದವರನ್ನೆಲ್ಲ ನವಿಲನ್ನು ದಾಟಿಸಿ ಒಳಗೆ ಕರೆದುಕೊಂಡು ಹೋಗಿ, ಬಾಗಿಲನ್ನು ಅರ್ಧ ಮುಚ್ಚಿ, ಒಳಬದಿಯ ಮೇಲೆ ಅವರ ಕೈ ಇಡಿಸುತ್ತಿದ್ದರು. "ಇಲ್ಲೊಂದು ತುಂಡು ಕೂರಿಸಿದ್ದುಂಟು, ಎಲ್ಲಿ ಅಂತ ಹೇಳಿ ನೋಡುವ!" ಯಾರಿಗೂ ಸಿಗುತ್ತಿರಲಿಲ್ಲ. "ಜನಾರ್ದನ ಆಚಾರ್ರದ್ದು" ಎನ್ನುತ್ತಿದ್ದರು. ಎಲ್ಲರೂ "ಆಹಾ" ಎನ್ನುತ್ತಿದ್ದರು. ಸೆಟ್ಟರನ್ನು ದುಡ್ಡು ಕೊಟ್ಟು ತರಿಸಬಹುದು. ಆ ಒಂದೂವರೆ ಗಂಟೆಯ ಕೈ ಯಾವ ಕೊರಿಯರಿನಲ್ಲಿ ಬರುತ್ತದೆ? ಈಗ ನನಗೆ ಅವನ ಸೆಟ್ಟರಿನ ಮೇಲೆ ಹೊಟ್ಟೆಕಿಚ್ಚಿಲ್ಲ, ಅದು ಪೂರ್ತಿಯಾಗಿ ಅವನ ಉಳಿಯ ಮೇಲೆ ಹೋಗಿದೆ. ಅದೂ ಅವನದ್ದಲ್ಲ, ನನ್ನದೇ ಉಳಿ.

ಅವನ ಕ್ಲಾಂಪ್ ಇನ್ನೂ ನನ್ನಲ್ಲೇ ಇದೆ. ಆ ಬುಧವಾರ ನಡೆದದ್ದನ್ನು ಕಣ್ಣಾರೆ ಕಂಡವರು ನನ್ನ ಹೊರತು ಮೂವರು: ಬೆಟ್ಟಂಪಾಡಿಯ ಕುಸುಮಕ್ಕ, ಕಡಬದ ಜನಾರ್ದನ, ನನ್ನ ಹೆಂಡತಿ ಶಶಿಕಲಾ. ದೇವರ ದಯೆಯಿಂದ ಮೂವರೂ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಮೂವರಿಗೂ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ.