ಸ್ಪೇನಿನ ಮುಯ್ಯಿ

ಮನೆಯಲ್ಲಿ ಉಂಡ ತಟ್ಟೆ ಎತ್ತದ ಮಗಳು ಸಮುದ್ರ ದಾಟಿಹೋಗಿ ಯಾರದೋ ಮೇಕೆ ದೊಡ್ಡಿ ಗುಡಿಸುತ್ತಿದ್ದಾಳೆ. ಅದೂ ಪಗಾರಕ್ಕಲ್ಲ, ಊಟಕ್ಕೆ. ಇದನ್ನು ಫೋನಿನಲ್ಲಿ ಕಣ್ಣಾರೆ ಕಂಡ ದಿನ ರೊಟ್ಟಿ ಬಡಿಯುತ್ತಿದ್ದ ಗುರುಲಿಂಗಮ್ಮನ ಕೈ ನಿಂತುಹೋಯಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಾಯಿತು. ಅದಕ್ಕೂ ಸ್ಪೇನ್ ದೇಶವೇ ಕಾರಣ ಎಂದು ಆಕೆ ತೀರ್ಮಾನಿಸಿದಳು.

“ಏನದು ಕೈಯಾಗ?”

“ಪೊರಕಿ ಅವ್ವಾ.”

“ಅದು ಪೊರಕಿ ಅಂತ ನಿನಗ ಹೆಂಗ ಗೊತ್ತಾತು? ಇಲ್ಲಿದ್ದಾಗ ನೀ ಅದರ ಮುಖ ನೋಡಿದ್ದು ನಾ ಕಾಣೆ.”

ಚೇತನಾ ನಕ್ಕಳು. ನಗುವಂಥದ್ದು ಏನಿತ್ತೋ! ಓದಿದ ಹುಡುಗಿ. ಹಂಪಿ ನೋಡಲು ಸ್ಪೇನಿನ ಮಂದಿ ಬರುತ್ತಾರಂತೆ. ಅವರ ಮಾತಿನಲ್ಲೇ ಅವರಿಗೆ ಕಲ್ಲುಕಂಬ ತೋರಿಸುವವರು ಇಲ್ಲವಂತೆ. ಸ್ಪ್ಯಾನಿಷ್ ಕಲಿತು ಬಂದರೆ ಗೈಡ್ ಕೆಲಸ ಕೊಡುತ್ತೇವೆ ಅಂತ ಹೊಸಪೇಟೆಯ ಒಂದು ಟ್ರಾವೆಲ್ಸಿನವರು ಹೇಳಿದರಂತೆ. ಒಂದು ವರ್ಷದ ವೀಸಾ ಮಾಡಿಸಿಕೊಂಡು ಹೊರಟೇಬಿಟ್ಟಳು. ಅಲ್ಲಿ ಪಿಲಾರ್ ಅನ್ನುವ ಒಂಟಿ ಹೆಂಗಸಿನ ತೋಟದ ಮನೆ. ಮುಂಜಾನೆ ಆಕೆಯ ಮೇಕೆ, ಆಲಿವ್ ಗಿಡ ನೋಡಿಕೊಂಡರೆ ಊಟ, ಹಾಸಿಗೆ. ಮಧ್ಯಾಹ್ನ ಊರಿನ ಶಾಲೆಯಲ್ಲಿ ಭಾಷೆ.

ಆಗ ಗಂಡ ಉರುಕುಂದಪ್ಪ ತೀರಿಹೋಗಿ ವರ್ಷ ತುಂಬಿರಲಿಲ್ಲ. ಮಗಳು ಹೊರಡುತ್ತೇನೆ ಅಂದಾಗ ಗುರುಲಿಂಗಮ್ಮ ಬೇಡ ಅನ್ನಲಿಲ್ಲ. ಅನ್ನುವ ಶಕ್ತಿ ಇರಲಿಲ್ಲ. ಶಕ್ತಿ ಬರುವಷ್ಟರಲ್ಲಿ ಹುಡುಗಿ ವಿಮಾನದಲ್ಲಿದ್ದಳು.

ಈಗ ಆಕೆಗೆ ಬೇಕಾದದ್ದು ಒಂದೇ. ಮಗಳು ಮನೆಗೆ ಬರಬೇಕು. ‘ಬಾ’ ಅಂತ ನೇರವಾಗಿ ಅನ್ನಲು ಬಿಗುಮಾನ. ಹಾಗಾಗಿ ದಿನಾ ಬೈದಳು.

ಎದುರು ಮನೆಯ ಬಸವಕ್ಕ ಸುಮ್ಮನಿರುವ ಹೆಂಗಸಲ್ಲ. (ಆಕೆ ಸುಮ್ಮನಿದ್ದ ದಿನ ಊರವರು ಆಕೆಗೆ ಹುಷಾರಿಲ್ಲವೇನೋ ಅಂತ ನೋಡಲು ಹೋಗಿದ್ದರು.) ಮೆಣಸಿನಕಾಯಿ ಬಿಡಿಸುವ ಹೊಲದಲ್ಲಿ, ಹತ್ತು ಹೆಂಗಸರ ನಡುವೆ ಕೇಳಿಯೇಬಿಟ್ಟಳು.

“ಗುರುಲಿಂಗಿ, ಚೇತನಾಗ ಪಗಾರ ಎಷ್ಟ?”

“ಊಟ ಹಾಕ್ತಾರ.”

“ಅದು ಸರ್ಲೇ. ಪಗಾರ?”

“ಮಲಗಾಕ ಮಂಚ ಕೊಟ್ಟಾರ.”

“ಪಾಪಂ! ಅಂದ್ರ ಕೂಳಿಗೆ ಜೀತ ಅನ್ನು. ಅದಕ್ಕ ಅಷ್ಟು ದೂರ ಯಾಕ ಹೋಗಬೇಕಿತ್ತು? ನಮ್ಮ ಮನ್ಯಾಗ ಎಮ್ಮಿ ಇದ್ದಿದ್ದಿಲ್ಲೇನು?”

ಹೆಂಗಸರು ಕಿಸಕ್ಕನೆ ನಕ್ಕರು. ಗುರುಲಿಂಗಮ್ಮನಿಗೆ ನೆತ್ತಿಗೆ ಬೆಂಕಿ ಇಟ್ಟಂತಾಯಿತು. ತಾನೊಬ್ಬಳೇ ಬೈಯಬೇಕಾದ ಮಗಳನ್ನು ಬಸವಕ್ಕ ಬೈಯುವುದೇ?

“ಜೀತ ಅಲ್ಲ, ಮುಯ್ಯಿ!” ಅಂದುಬಿಟ್ಟಳು.

ಮುಯ್ಯಿ ಆ ಸೀಮೆಯ ಹೆಂಗಸರ ಸಂವಿಧಾನ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರ್ತೀನಿ. ಕೂಲಿ ಇಲ್ಲ, ಊಟ ಮಾತ್ರ. ಅದರಲ್ಲಿ ಅವಮಾನ ಇಲ್ಲ. ಮುಯ್ಯಿಯಲ್ಲಿ ದುಡಿದವಳು ಆಳಲ್ಲ, ಸರಿಸಮಾನಳು.

ಬಸವಕ್ಕ ಬುಟ್ಟಿ ಕೆಳಗಿಟ್ಟು ಸೊಂಟ ನೀಟ ಮಾಡಿಕೊಂಡಳು. “ಹಂಗೇನು? ಹಂಗಾದ್ರ ಆ ಸ್ಪೇನಿನಾಕಿ ಯಾವಾಗ ಬರ್ತಾಳವ್ವಾ ತೀರಸಾಕ?”

“ಬರ್ತಾಳ,” ಅಂದಳು ಗುರುಲಿಂಗಮ್ಮ. ಬಾಯಿಂದ ಬಿದ್ದಮೇಲೆ ಎತ್ತಿಕೊಳ್ಳಲು ಅದೇನು ಮೆಣಸಿನಕಾಯಿಯೇ?

ಮನೆಗೆ ಬರುವ ದಾರಿಯಲ್ಲಿ ಆಕೆಗೆ ಒಂದು ಘನವಾದ ಉಪಾಯ ಹೊಳೆಯಿತು. ಹೌದು, ಕರೆದೇಬಿಡೋಣ. ಯಾವ ಸ್ಪೇನಿನ ಹೆಂಗಸು ಈ ಆಂಧ್ರದ ಗಡಿಯ ಆದೋನಿ ಸೀಮೆಗೆ ಮೆಣಸಿನಕಾಯಿ ಬಿಡಿಸಲು ಬರುತ್ತಾಳೆ? ಬರಲ್ಲ. ಬರಲಾಗದವಳಿಗೆ ಮುಯ್ಯಿ ಬಾಕಿ ಇಟ್ಟುಕೊಳ್ಳಲು ನಾಚಿಕೆ ಆಗುತ್ತೆ. ನಾಚಿಕೆಯಾದರೆ ಹುಡುಗಿಯನ್ನು ಕಳಿಸುತ್ತಾಳೆ. ಇದರಲ್ಲಿ ತಪ್ಪುವುದು ಎಲ್ಲಿಂದ ಬಂತು!

ಸಂಜೆಗೆ ಫೋನ್ ಮಾಡಿದಳು. “ಆಕಿನ್ನ ಕರಿ. ನಾ ಅಂದಿದ್ದು ಅಂದಂಗ ಹೇಳು. ನನ್ನ ಮಗಳ ಕೈಲೆ ದುಡಿಸ್ಕೊಂಡಿ, ನೀನೂ ಬಂದು ನನ್ನ ಹೊಲದಾಗ ದುಡೀಬೇಕು. ಇಲ್ಲಂದ್ರ ಹುಡುಗಿನ್ನ ಕಳಸು.”

“ಅವ್ವಾ, ಅಷ್ಟೆಲ್ಲಾ ಸ್ಪ್ಯಾನಿಷ್ ನನಗಿನ್ನಾ ಬರಂಗಿಲ್ಲ.”

“ಮತ್ತ ಇಷ್ಟು ದಿನ ಏನ್ ಕಲ್ತಿ?”

“ಮೇಕಿ, ಬಕೆಟ್, ಪೊರಕಿ, ಹೊಟ್ಟಿ ತುಂಬೈತಿ, ಇನ್ನ ಬ್ಯಾಡ. ಇಷ್ಟು ಚಲೋ ಬರ್ತಾವ.”

“ಅದರಾಗ ಹೊಂದಿಸಿ ಹೇಳು!”

ಚೇತನಾ ಹೇಗೆ ಹೊಂದಿಸಿದಳೋ ಆ ದೇವರಿಗೇ ಗೊತ್ತು. ಫೋನಿನ ಚೌಕಟ್ಟಿನೊಳಗೆ ಒಂದು ಮುಖ ಬಂತು. ಬೆಳ್ಳಿ ಕೂದಲು, ಬಿಸಿಲಿಗೆ ಸುಟ್ಟ ಮೂಗು, ಕರೀ ಸ್ವೆಟರು. ಹಣೆ ಗಂಟಿಕ್ಕಿ ಕೇಳಿತು. ಆಮೇಲೆ ತಲೆ ಆಡಿಸಿ ನಾಲ್ಕು ಮಾತಾಡಿತು.

“ಏನಂತಾಳ? ಬರಂಗಿಲ್ಲ ಅಂತಾಳಲ್ಲ?”

“ಬರ್ತಾಳಂತ.” ಚೇತನಾಳ ದನಿ ನಡುಗುತ್ತಿತ್ತು, ನಗುವಿಗೋ ಗಾಬರಿಗೋ. “ಆಕಿ ಊರಾಗೂ ಮುಯ್ಯಿ ಐತಂತ ಅವ್ವಾ. ಅದಕ್ಕ ತೋರ್ನಪೆಯೋನ್ ಅಂತಾರಂತ. ನೀ ಕೇಳಿದ್ದು ನ್ಯಾಯ ಐತಿ ಅಂತಾಳ.”

“ಅಂದ್ರ ನೀನೂ ಬರ್ತೀ ಜೋಡಿ?”

“ನಾ ಬಂದ್ರ ಮೇಕಿ ಯಾರು ನೋಡ್ಕೋಬೇಕು? ಆಕಿ ತಿರುಗಿ ಬರೋತನಕ ನಾ ಇಲ್ಲೇ.”

ಗುರುಲಿಂಗಮ್ಮ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿದಳು. ಮಗಳನ್ನು ಕರೆಸಲು ಹೂಡಿದ ಉಪಾಯ ಮಗಳನ್ನು ಅಲ್ಲೇ ಗೂಟಕ್ಕೆ ಕಟ್ಟಿತು. ಯಾವ ಮುದುಕಿ ಬೇಕಾಗಿತ್ತು ಆಕೆಗೆ?

ಮುದುಕಿ ಬಂದೇಬಿಟ್ಟಿತು. ಆದೋನಿ ಸ್ಟೇಷನ್ನಿನಲ್ಲಿ ಬೆನ್ನಿಗೊಂದು ಚೀಲ, ಕೈಯಲ್ಲೊಂದು ಎಣ್ಣೆ ಡಬ್ಬಿ ಹಿಡಿದು ಇಳಿಯಿತು. ಊರು ಒಂದೇ ದಿನದಲ್ಲಿ ಪಿಲಾರಮ್ಮ ಅಂತ ಹೆಸರಿಟ್ಟಿತು. ಮುಂಜಾನೆ ಗುರುಲಿಂಗಮ್ಮ ಏಳುವಷ್ಟರಲ್ಲಿ ಆಕೆ ತಲೆಗೆ ವಸ್ತ್ರ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದಳು, ಯಾಕೆ ತಡ ಅನ್ನುವ ಹಾಗೆ.

ಮೊದಲ ದಿನ ಮೆಣಸಿನಕಾಯಿ ಕೈಯಿಂದ ಕಣ್ಣು ಉಜ್ಜಿಕೊಂಡಳು. ಇಡೀ ಹೊಲ ಕೇಳುವ ಹಾಗೆ ಸ್ಪ್ಯಾನಿಷಿನಲ್ಲಿ ಚೀರಿದಳು. ಗುರುಲಿಂಗಮ್ಮನಿಗೆ ಒಳಗೊಳಗೇ ಹಿಗ್ಗು. ನಾಳೆ ಗಂಟುಮೂಟೆ ಕಟ್ಟುತ್ತಾಳೆ! ಹಿಗ್ಗನ್ನು ಸೆರಗಿನಲ್ಲಿ ಮುಚ್ಚಿ, ಆಕೆಯ ಕೈ ಹಿಡಿದು ಮಜ್ಜಿಗೆಯಲ್ಲಿ ಅದ್ದಿಸಿದಳು. ಮರುದಿನ ಪಿಲಾರಮ್ಮ ಕಟ್ಟಿದ್ದು ಗಂಟುಮೂಟೆಯಲ್ಲ, ಬೆರಳಿಗೆ ಬಟ್ಟೆ. ಎರಡು ಸಾಲು ಒಬ್ಬಳೇ ಬಿಡಿಸಿದಳು. ಮಧ್ಯಾಹ್ನ ಊಟದ ಮೇಲೆ ಎಲ್ಲರೂ ಬೇವಿನ ಮರದ ಕೆಳಗೆ ಕಾಲು ಚಾಚಿದರೆ ಆಕೆ ಮತ್ತೆ ಸಾಲಿಗೆ.

“ವಯಸ್ಸಾದಾಕಿನ್ನ ಬಿಸಲಾಗ ದುಡಿಸ್ತಿಯಲ್ಲೇ, ನಿನಗ ಕರುಳಿಲ್ಲೇನು?” ಅಂದಳು ಬಸವಕ್ಕ. ನ್ಯಾಯವೇ ಇದು? ಬಾ ಅಂದರೆ ಬರ್ತಾಳಾ ಅಂತ ಚುಚ್ಚಿದ ಬಾಯಿ, ಬಂದರೆ ಯಾಕೆ ದುಡಿಸ್ತಿ ಅನ್ನುತ್ತೆ!

ಮನೆಯಲ್ಲಿ ಇನ್ನೊಂದು ಯುದ್ಧ. ಪಿಲಾರಮ್ಮ ತಾನು ತಂದ ಎಣ್ಣೆಯನ್ನು ಪುಂಡಿಪಲ್ಯಕ್ಕೆ ಸುರಿದಳು, ರೊಟ್ಟಿಗೆ ಸುರಿದಳು, ಮಜ್ಜಿಗೆಗೂ ಬಾಗಿದಾಗ ಗುರುಲಿಂಗಮ್ಮ ಗಡಿಗೆಯನ್ನು ಮಗುವಿನಂತೆ ತಬ್ಬಿಕೊಂಡಳು. ಕಣದಲ್ಲಿ ಹರವಿ ಒಣಗಿಸುವ ಹಣ್ಣುಮೆಣಸಿನಕಾಯಿಯನ್ನು ಆಕೆ ದಾರಕ್ಕೆ ಪೋಣಿಸಿ ಹಾರ ಮಾಡಿ ಮನೆಯ ಮುಂದಿನ ಗೋಡೆಗೆಲ್ಲ ನೇತುಹಾಕಿದಳು. ಆಕೆಯ ಊರಿನಲ್ಲಿ ಒಣಗಿಸುವುದು ಹಾಗಂತೆ. ಊರವರು ಬೇರೆಯೇ ತಿಳಿದರು. ಗುರುಲಿಂಗಮ್ಮನ ಮನೆಗೆ ಯಾರದೋ ಕೆಟ್ಟ ದೃಷ್ಟಿ ತಾಗಿದೆ, ಅದಕ್ಕೆ ಪರದೇಶದ ಮಂತ್ರಗಾತಿಯನ್ನು ಕರೆಸಿದ್ದಾಳೆ! ಎಮ್ಮಿಗನೂರಿನಿಂದ ಒಬ್ಬಳು ಹಾಲು ಕುಡಿಯದ ಕೂಸನ್ನು ಎತ್ತಿಕೊಂಡು ಬಂದಳು. ಪಿಲಾರಮ್ಮ ಕೂಸಿನ ಕೆನ್ನೆ ಹಿಂಡಿ ಮುದ್ದಿಟ್ಟಳು. ಕೂಸು ಹಾಲು ಕುಡಿಯಿತು. ಮರುದಿನ ಬಾಗಿಲಲ್ಲಿ ಇನ್ನೂ ಮೂರು ಕೂಸು.

“ತೆಗಿ ಇವನ್ನ! ನನ್ನ ಮನಿ ಏನು ಗುಡಿ ಏನು?” ಅಂತ ಕನ್ನಡದಲ್ಲಿ ಗುರುಲಿಂಗಮ್ಮ. ಸ್ಪ್ಯಾನಿಷಿನಲ್ಲಿ ಪಿಲಾರಮ್ಮ, ಅಷ್ಟೇ ಜೋರಾಗಿ. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದ ಕಾರಣ ದಿನಾ ಇಬ್ಬರೂ ಗೆಲ್ಲುತ್ತಿದ್ದರು. ಉರುಕುಂದಪ್ಪ ಹೋದಮೇಲೆ ಆ ಮನೆಯಲ್ಲಿ ದನಿ ಏರಿರಲಿಲ್ಲ. ಜಗಳ ಮುಗಿದಮೇಲೆ ಗುರುಲಿಂಗಮ್ಮನಿಗೆ ವಿಪರೀತ ಹಸಿವಾಗುತ್ತಿತ್ತು. ಅದೂ ಈ ಮುದುಕಿಯದೇ ತಪ್ಪು.

ಕೊನೆಯ ಸಲದ ಕಾಯಿ ಬಿಡಿಸುವುದೂ ಮುಗಿಯಿತು. ಹೊಲದಲ್ಲಿ ಹೆಂಗಸರೆಲ್ಲ ಊಟಕ್ಕೆ ಕೂತಾಗ ಗುರುಲಿಂಗಮ್ಮ ಚೇತನಾಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ದನಿ ದೊಡ್ಡದು ಮಾಡಿಸಿದಳು. ಜಯದ ಗಳಿಗೆ!

“ಹೇಳು ಆಕಿಗೆ. ಮುಯ್ಯಿ ತೀರಿತು. ಇನ್ನ ನನ್ನ ಮಗಳನ್ನ ಕಳಸು ಅನ್ನು.”

ಪಿಲಾರಮ್ಮ ಕೇಳಿ, ಬೆರಳೆತ್ತಿ, ನಿಧಾನವಾಗಿ ಏನೋ ಹೇಳಿದಳು. ಫೋನಿನಲ್ಲಿ ಚೇತನಾ ಕೆಮ್ಮಿದಳು.

“ಅವ್ವಾ, ನಾ ಇಲ್ಲಿ ಮುಂಜಾನಿ ಅಷ್ಟ ಮಾಡ್ತೀನಿ. ಮಧ್ಯಾಹ್ನ ಸಾಲಿಗೆ ಹೋಗ್ತೀನಿ. ಆಕಿ ಅಲ್ಲಿ ಹೊತ್ತು ಹುಟ್ಟಿದಾಗಿಂದ ಮುಳುಗೋತನಕ ದುಡದಾಳಂತ.”

“ಅದಕ್ಕ?”

“ಅದಕ್ಕ… ಬಾಕಿ ಈಗ ನಿಂದಂತ.”

ಗುರುಲಿಂಗಮ್ಮ ನ್ಯಾಯಕ್ಕಾಗಿ ಬಸವಕ್ಕನ ಕಡೆ ನೋಡಿದಳು. ಅದು ಆಕೆ ಮಾಡಿದ ಎರಡನೇ ದೊಡ್ಡ ತಪ್ಪು.

“ಆಕಿ ಅಂದಿದ್ದು ಖರೆ ಐತಿ,” ಅಂದಳು ಬಸವಕ್ಕ, ಬೆರಳು ನೆಕ್ಕುತ್ತ. “ಅರ್ಧ ದಿನಕ್ಕ ಅರ್ಧ ದಿನ. ಮಿಕ್ಕಿದ್ದು ನೀ ತೀರಸಬೇಕು.”

“ಸ್ಪೇನಿಗೆ ಹೋಗಿ ತೀರಸಲೇನು?”

“ಮತ್ತೆಲ್ಲಿ ತೀರಸ್ತಿ? ಆಕಿ ತ್ವಾಟ ಅಲ್ಲೇ ಐತಲ್ಲ. ಮುಯ್ಯಿ ಉಳಿಸ್ಕೊಂಡಾಕಿ ಹೊಲಕ್ಕ ಬರೋ ವರ್ಷ ನಾವ್ಯಾರೂ ಬರಂಗಿಲ್ಲ ನೋಡು.”

ಹತ್ತು ತಲೆ ಒಟ್ಟಿಗೆ ಅಲ್ಲಾಡಿದವು. ಟಿಕೇಟಿಗೆ ದುಡ್ಡಿಲ್ಲ ಅಂತಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆ ಹಾಳು ವರ್ಷವೇ ಮೆಣಸಿನಕಾಯಿಗೆ ರೇಟು ಬಂದಿತ್ತು.

ಹೋಗಲಿ. ಹೋಗಿ, ತೀರಿಸಿ, ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತೇನೆ ಅಂತ ಗುರುಲಿಂಗಮ್ಮ ಹಲ್ಲು ಕಚ್ಚಿ ಕರ್ನೂಲಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದಳು. ಹೈದರಾಬಾದಿನಲ್ಲಿ ವೀಸಾ ಕಾಗದ ತುಂಬುವ ಹುಡುಗಿ ತೆಲುಗಿನಲ್ಲಿ “ಎಂದುಕು ಪೋತುನ್ನಾರಮ್ಮಾ?” ಅಂತ ಕೇಳಿದಳು. ಯಾಕೆ ಹೋಗ್ತೀರಿ ಅಂದರೆ ಏನು ಹೇಳುವುದು? ಮುಯ್ಯಿ ಅಂದಳು. ಹುಡುಗಿ ಯೋಚಿಸಿ, ‘ಗೆಳತಿಯ ಭೇಟಿ’ ಅಂತ ತುಂಬಿ ಓದಿ ಹೇಳಿದಳು.

“ಗೆಳತಿ? ಆಕಿ ನನಗ ಯಾವ ಸೀಮಿ ಗೆಳತಿ!” ಅಂತ ಗುರುಲಿಂಗಮ್ಮ ಗುಡುಗಿದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಂತೂ ಪಿಲಾರಮ್ಮ ತಿರುಗಿ ಹೋಗಿ ಎಷ್ಟೋ ತಿಂಗಳಿಗೆ, ಆಲಿವ್ ಕಾಯಿಗೆ ಬಣ್ಣ ಬರುವ ಹೊತ್ತಿಗೆ ಸ್ಪೇನು ಮುಟ್ಟಿದಳು. ಚೇತನಾ ಓಡಿಬಂದು ತಬ್ಬಿಕೊಂಡಳು. ಹುಡುಗಿ ಮೈಕೈ ತುಂಬಿಕೊಂಡಿದ್ದಳು. ಸ್ಪ್ಯಾನಿಷ್ ಪಟಪಟ ಅನ್ನುತ್ತಿದ್ದಳು. ತಾನೇ ಅಡುಗೆ ಮಾಡಿ ಬಡಿಸಿದಳು, ತಟ್ಟೆ ತೊಳೆದಳು. ಗುರುಲಿಂಗಮ್ಮನ ಕಣ್ಣು ತುಂಬುವುದರಲ್ಲಿತ್ತು, ಅಷ್ಟರಲ್ಲಿ ಮೂಲೆಯಲ್ಲಿ ಕಟ್ಟಿಟ್ಟ ಸೂಟ್‌ಕೇಸು ಕಂಡಿತು.

“ಇದೇನಲೇ?”

“ವೀಸಾ ಮುಗೀತು ಅವ್ವಾ. ಹಂಪಿ ಸೀಸನ್ನೂ ಶುರು ಆತು. ನಾಡಿದ್ದು ಹೊಂಟೆ. ಇನ್ನ ಮನ್ಯಾಗೇ ಇರ್ತೀನಿ, ಮಂದಿ ಬಂದಾಗ ಹಂಪಿಗೆ ಹೋಗಿ ಬರ್ತೀನಿ.”

“ಮತ್ತ ನಾನು?”

“ನೀ ತೀರಿಸಿ ಬಾ.”

ಹೀಗೆ ಮಗಳು ಮನೆಗೆ ಬಂದಳು. ಅವ್ವ ಮನೆಯಲ್ಲಿರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕು ಅಂತ ಗುರುಲಿಂಗಮ್ಮನಿಗೆ ತಿಳಿಯಲಿಲ್ಲ. ಹತ್ತಿರ ಇದ್ದದ್ದು ಪಿಲಾರಮ್ಮ ಒಬ್ಬಳೇ.

ಸಿಟ್ಟಿಗೆ ಕಾರಣವೂ ಸಿಕ್ಕಿತು. ಗಿಡದ ಕೆಳಗೆ ಬಲೆ ಹಾಸಿ, ಉದ್ದ ಬಡಿಗೆಯಿಂದ ಕೊಂಬೆಗೆ ಬಡಿದು ಕಾಯಿ ಉದುರಿಸುತ್ತಿದ್ದಳು ಆ ಮಹಾತಾಯಿ. ಫಲ ಕೊಡುವ ಗಿಡಕ್ಕೆ ಹೊಡೆತ! ಗುರುಲಿಂಗಮ್ಮ ಬಡಿಗೆ ಕಸಿದುಕೊಂಡಳು. ಮೆಣಸಿನಕಾಯಿ ಬಿಡಿಸಿದ ಹಾಗೆ ಒಂದೊಂದೇ ಕಾಯಿ, ತೊಟ್ಟು ನೋಯದ ಹಾಗೆ, ಸೆರಗಿಗೆ ಹಾಕಿಕೊಂಡಳು. ಸಂಜೆಗೆ ಒಂದು ಗಿಡವೂ ಮುಗಿಯಲಿಲ್ಲ. ಪಿಲಾರಮ್ಮ ತಲೆ ಚಚ್ಚಿಕೊಂಡು ಲೆಕ್ಕ ಹಾಕಿ ತೋರಿಸಿದಳು. ಈ ಕೈಗೆ ಈ ಮುಯ್ಯಿ ಈ ವರ್ಷ ತೀರುವುದಿಲ್ಲ.

ಒಂದು ದಿನ ಗಿಡದ ಬುಡದಲ್ಲಿರುವಾಗ ಮಗಳ ಫೋನ್ ಬಂತು. ಮುಖ ಸಪ್ಪಗಿತ್ತು.

“ಅವ್ವಾ, ರೊಟ್ಟಿ ಹರೀತಾವ.”

“ಕುದಿಯೋ ನೀರಾಗ ಕಲಸು.”

“ಎಮ್ಮಿ ಹಾಲು ಕೊಡವಲ್ದು.”

“ಅದರ ಜೋಡಿ ಮಾತಾಡ್ಕೊಂತ ಹಿಂಡು.”

ಚೇತನಾ ಫೋನನ್ನು ಮುಖದ ಹತ್ತಿರ ತಂದಳು. “ನೀ ಯಾವಾಗ ಬರ್ತಿ? ಮನಿ ಬಿಕೋ ಅನ್ನಾಕತ್ತೈತಿ. ಜಲ್ದಿ ಬಾ ಅವ್ವಾ.”

ಇದು ಗುರುಲಿಂಗಮ್ಮನ ಮಾತು. ಹುಡುಗಿ ಹೋದ ದಿನದಿಂದ ನಾಲಿಗೆ ತುದಿಗೆ ಬಂದು, ಬಿಗುಮಾನಕ್ಕೆ ನುಂಗಿ ನುಂಗಿ ಇಟ್ಟುಕೊಂಡ ಮಾತು. ಇವಳು ಒಂದೇ ವಾರಕ್ಕೆ ಆಡಿಬಿಟ್ಟಳು.

“ಚೇತೂ…” ಅಂದಳು.

ಹಿಂದಿನಿಂದ ಫಟ್ ಅಂತ ಬಡಿಗೆ ಸದ್ದು. ತಿರುಗಿ ನೋಡಿದರೆ, ತಾನು ಕೈಯಿಂದ ಬಿಡಿಸಬೇಕೆಂದು ಬೇರೆ ಇಟ್ಟ ಗಿಡ! ಕಾಯಿ ಮಳೆಯಂತೆ ಬೀಳುತ್ತಿವೆ. ಪಿಲಾರಮ್ಮ ಹಲ್ಲು ಕಿಸಿದು ಇನ್ನೊಂದು ಕೊಂಬೆಗೆ ಬಡಿಗೆ ಎತ್ತಿದ್ದಾಳೆ.

“ಈಗ ಇಡು ಫೋನು,” ಗುರುಲಿಂಗಮ್ಮ ಸೆರಗು ಸೊಂಟಕ್ಕೆ ಬಿಗಿದಳು. “ಆಮ್ಯಾಲೆ ಅಳುವಂತಿ. ನನಗಿಲ್ಲಿ ಪುರಸೊತ್ತಿಲ್ಲ.”