ಗೌರಿಯ ಕೆನ್ನೆಯ ಮಚ್ಚೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾನೇ ಒಪ್ಪಿಕೊಳ್ಳುವುದು ವಾಸಿ. ನನ್ನ ಹೆಂಡತಿ ಗೌರಿಗೆ ಬಿಟ್ಟರೆ ಉದಾಹರಣೆಗಳ ಸಮೇತ ಹೇಳುತ್ತಾಳೆ. ಬೇರೆಯವರ ಹೊಲ, ಮನೆ, ಮೀಸೆ ಕಂಡು ನನಗೇನೂ ಆಗುವುದಿಲ್ಲ. ಹೊಟ್ಟೆ ಉರಿಯುವುದು ಕಲ್ಯಾಣದುರ್ಗದ ಸ್ಕೂಲ್ ಮೇಷ್ಟ್ರು ಬಸಣ್ಣನ ಹೆಸರು ಕೇಳಿದಾಗ ಮಾತ್ರ. ಅವನು ಗೌರಿಯ ಸೋದರಮಾವನ ಮಗ, ಹಕ್ಕಿನ ಗಂಡು. ಹಿಂದೂಪುರದವನಾದ ನನಗೆ ಹೆಣ್ಣು ಕೊಡುವ ಮುಂಚೆ ಅವನ ಕೈಗೆ ತಾಂಬೂಲವಿಟ್ಟು ಒಪ್ಪಿಗೆ ಕೇಳಿದ್ದರು. ಅವನು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಸರೇ, ಕಾನೀ" ಎಂದು ತೆಲುಗಿನಲ್ಲೇ ಆಗಲಿ ಬಿಡಿ ಅಂದುಬಿಟ್ಟ. ಅಷ್ಟು ಸಲೀಸಾಗಿ ಅಂದದ್ದೇ ನನಗೆ ಅನುಮಾನ.

ಮದುವೆಯಾದ ತಿಂಗಳಿಗೇ ನಾನು ಕೊಲಂಬೋದ ಜವಳಿ ಅಂಗಡಿಯ ಗುಮಾಸ್ತಿಕೆಗೆ ವಾಪಸು ಹೋದೆ. ಎರಡು ವರ್ಷ ಹೆಂಡತಿ ಎಂದರೆ ನನ್ನ ಪಾಲಿಗೆ ಗೋಡೆಯ ಮೇಲಿನ ಮದುವೆಯ ಫೋಟೋ; ನೋಡಿ ನೋಡಿ ಅದೇ ಅವಳ ಮುಖವಾಗಿಬಿಟ್ಟಿತ್ತು. ಈ ಸಲ ಕರೆದುಕೊಂಡೇ ಬರೋಣವೆಂದು ರಜೆ ಹಾಕಿದರೆ, ಬರೀ ಟಿಕೀಟು ಕೊಂಡು ಹಡಗು ಹತ್ತುವ ಕಾಲವೇ ಹೋಗಿತ್ತು. ಹೆಂಡತಿಗೂ ವಾಸದ ಪರ್ಮಿಟ್ ಬೇಕಂತೆ. ಅರ್ಜಿಯಲ್ಲಿ ಅವಳ ಮೈಮೇಲಿನ ಗುರುತು ಬರೆಯಬೇಕು. ಅವಳನ್ನು ಚಿಕ್ಕಂದಿನಿಂದ ಬಲ್ಲ, ಸರ್ಕಾರಿ ಕೆಲಸದಲ್ಲಿರುವ ಒಬ್ಬರು ರುಜು ಹಾಕಬೇಕು. ಅಂಥವನು ಭೂಮಿಯ ಮೇಲೆ ಒಬ್ಬನೇ ಇದ್ದ. ಯಾರೆಂದು ಬೇರೆ ಹೇಳಬೇಕೆ?

ಗೌರಿ ತವರಿನಲ್ಲಿದ್ದಳು. ಕಲ್ಯಾಣದುರ್ಗದಲ್ಲಿ ಬಸ್ಸಿಳಿದವನು ಅವಳ ಮುಖವನ್ನೂ ನೋಡದೆ, ಮೇಷ್ಟ್ರು ಸ್ಕೂಲಿಗೆ ಹೊರಟಾನೆಂದು ನೇರ ಅವನ ಮನೆಗೆ ಓಡಿದೆ.

"ಬಾರಪ್ಪ, ಕೂತ್ಕೋ. ಗುರುತಾ? ಎಡಗಾಲ ಮಂಡಿ ಕೆಳ್ಗೆ ಗಾಯದ ಕಲೆ ಐತೆ, ಬರ್ಕೋ. ಹುಣಸೆಮರ ಹತ್ತಿ ಬಿದ್ಬುಟ್ಟಿದ್ಲು ಕಣಪ್ಪ. ನಾನೇ ಎತ್ಕೊಂಡು ಬಂದಿದ್ದು" ಅಂದ ಬಸಣ್ಣ.

ಎತ್ತಿಕೊಂಡು ಬಂದನಂತೆ! ನನ್ನ ಮೈಯೆಲ್ಲ ಉರಿದುಹೋಯಿತು. "ಆಗ ಅವ್ಳಿಗೆ ಏಳು ವರ್ಷ" ಎಂದು ಅವನ ಹೆಂಡತಿ ಒಳಗಿನಿಂದ ನಗುತ್ತ ಹೇಳಿದರೂ ಉರಿ ಇಳಿಯಲಿಲ್ಲ.

"ಕಲೆ ಗಿಲೆ ಬ್ಯಾಡ ಬಿಡಪ್ಪ. ಬಲಗೆನ್ನೆ ಮ್ಯಾಲೆ ಕರೀ ಮಚ್ಚೆ ಐತೆ. ಗಂಡ ನಾನು, ನಂಗೊತ್ತಿಲ್ವಾ?" ಎಂದು ಅದನ್ನೇ ಬರೆದೆ. ಅವನು ಕತ್ತು ಕೆರೆದುಕೊಂಡು, "ಅಂಗಂತೀಯಾ?" ಎಂದು ರುಜು ಹಾಕಿದ. ಸ್ಕೂಲಿಗೆ ಹೋಗುತ್ತ ತಾನೇ ಅಂಚೆಗೂ ಹಾಕಿದ.

ಅಲ್ಲಿಂದ ಮಾವನ ಮನೆಗೆ ಹೋದರೆ ಗೌರಿ ಕಾಲಿಗೆ ನೀರು ತಂದಳು. ಬಲಗೆನ್ನೆ ಬೆಣ್ಣೆಯ ಹಾಗೆ ನುಣ್ಣಗಿತ್ತು.

"ಮಚ್ಚೆ ಎಲ್ಲೇ?"

"ಯಾವ ಮಚ್ಚೆ? ಫೋಟೋದಾಗಿರೋದಾ? ಅಯ್ಯೋ, ಅದು ಅಮ್ಮ ಇಟ್ಟ ದೃಷ್ಟಿಬೊಟ್ಟು ಕಣ್ರೀ!"

ಪರ್ಮಿಟ್ ಹಿಂದೂಪುರದ ಮನೆಗೆ ಬಂತು, ಮಚ್ಚೆಯ ಸಮೇತ. ತಿದ್ದಿಸಲು ರಜೆ ಉಳಿದಿರಲಿಲ್ಲ. ಅವಳನ್ನು ಬಿಟ್ಟು ಹೋದರೆ ಮತ್ತೆ ಎರಡು ವರ್ಷ ಫೋಟೋವೇ ಗತಿ. ಧನುಷ್ಕೋಡಿಯಲ್ಲಿ ಹಡಗು ಹತ್ತುವ ಮುಂಚೆ ನಾನೇ ಅವಳ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟೆ. ತಪಾಸಣೆಯ ಅಧಿಕಾರಿ ಲಕ್ಷಣವಾದ ಹುಡುಗ. ಕಾಗದ ನೋಡಿದ, ಕೆನ್ನೆ ನೋಡಿದ, ಮತ್ತೆ ಕಾಗದ, ಮತ್ತೆ ಕೆನ್ನೆ. ಬೆವರಿಗೆ ಬೊಟ್ಟು ಕರಗೀತೆಂದು ನಾನು ನಡುಗಬೇಕಿತ್ತು. ನನಗೆ ಬಂದದ್ದು ಸಿಟ್ಟು: ಎಷ್ಟು ಹೊತ್ತು ನೋಡುತ್ತಾನೆ ಇವನು? ನೋಡಪ್ಪಾ ಎಂದು ಬರೆದುಕೊಟ್ಟವನು ನಾನೇ! ಕೊನೆಗೆ ಹೋಗಿ ಎಂದು ಕೈಬೀಸಿದ.

ಹಡಗಿನಲ್ಲಿ ಕೂತ ಮೇಲೆ ಗೌರಿ ಸೆರಗಿನಿಂದ ಕೆನ್ನೆ ಒರೆಸಿಕೊಂಡು ಅಂದಳು, "ಬಸಣ್ಣಬಾವ ಹೇಳಿದ ಮಂಡಿ ಕಲೇನೇ ಬರೆದಿದ್ರೆ ಯಾರೂ ನೋಡ್ತಾನೇ ಇರ್ಲಿಲ್ಲ. ಸೀರೆ ಎತ್ತು ಅಂತ ಯಾರಂತಾರೆ?"

ಎರಡು ವರ್ಷ ಕಾದ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನಾನು ಮಾತ್ರ ಕೊಲಂಬೋ ಮುಟ್ಟುವವರೆಗೂ ಬಸಣ್ಣನ ಬುದ್ಧಿಗೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.